‘ಬಿಡು’ ಅನ್ನೋ ಒಂದು ಪದಕ್ಕೆ ನಮ್ಮ ಬೆಂಕಿ ಹೋಯಿತು

ಬೀದರ್
ಜೂನ್ 2, 2025

ಗೆ,
ಕುಂದುಕೊರತೆ ಅಧಿಕಾರಿಗಳು,
ನಿಂಜಾ ಆಟದ ಕಂಪನಿ

ವಿಷಯ: ಎರಡು ಶಕ್ತಿ ಕೂಡಿಸುವ ಪಾಠದಲ್ಲಿ ಕನ್ನಡದ ತಪ್ಪು ಬರಹದಿಂದ 60ನೇ ಹಂತದ ಬೆಂಕಿ ಶಕ್ತಿ ಅಳಿಸಿಹೋದ ಬಗ್ಗೆ

ನಮಸ್ಕಾರ.

ಇದು ನಾನು ನಿಮಗೆ ಬರೆಯುತ್ತಿರುವ ಮೂರನೇ ದೂರು. ಮೊದಲಿನ ಎರಡನ್ನು ಆಟದೊಳಗಿನ ಸಹಾಯ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಅದಕ್ಕೇ ನಿಮಗೆ ಪೂರ್ತಿ ತಿಳಿದಿಲ್ಲವೇನೋ. ಈ ಸಲ ನಡೆದದ್ದನ್ನೆಲ್ಲ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಕೊನೆತನಕ ಓದಿ.

ನಾನು, ನನ್ನ ತಮ್ಮ ಇಬ್ಬರೂ ಒಂದೇ ಖಾತೆಯಲ್ಲಿ ಆಡುತ್ತೇವೆ. ಮನೆಯಲ್ಲಿ ಆಟ ಓಡುವಂಥ ಫೋನ್ ಇರುವುದು ಒಂದೇ. ನಾನು ಹಗಲೆಲ್ಲ ಅಪ್ಪನ ಜೊತೆ ಬಿದರಿ ಕೆಲಸಕ್ಕೆ ಕೂರುತ್ತೇನೆ, ಬೆಳ್ಳಿ ತಂತಿ ಕೂರಿಸುವುದು ನನ್ನ ಪಾಲಿನದು. ತಮ್ಮ ಈಗ ಒಂಬತ್ತನೇ ಕ್ಲಾಸ್, ಕನ್ನಡ ಮೀಡಿಯಂ. ಆಟದಲ್ಲಿ ಕನ್ನಡ ಆಯ್ಕೆ ಇದೆ ಎಂದು ಕಂಡುಹಿಡಿದವನೂ ಅವನೇ. ಆ ದಿನ ಅವನ ಖುಷಿ ನೋಡಬೇಕಿತ್ತು. ಆಟದಲ್ಲಿ ಪಾಠ ಹೇಳುವ ಗುರುಗಳ ಪ್ರತಿ ಮಾತನ್ನೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಕೇಳುವ ಹಾಗೆ ಜೋರಾಗಿ ಓದುತ್ತಿದ್ದ.

ಯಾವ ಎರಡು ಶಕ್ತಿ ಆರಿಸಬೇಕು ಅಂತ ನಾವು ಒಂದು ವಾರ ಮಾತಾಡಿದ್ದೇವೆ. ನೀರು, ಗಾಳಿ ಸೇರಿದರೆ ಮಂಜು. ನೀರು, ಮಣ್ಣು ಸೇರಿದರೆ ಮರ. ಬೆಂಕಿ, ಮಣ್ಣು ಸೇರಿದರೆ ಲಾವಾ. ತಮ್ಮ ಲಾವಾಕ್ಕೇ ಗಂಟುಬಿದ್ದ. ನಮ್ಮ ಬೀದರ್ ನಿಂತಿರುವುದೇ ಲಾವಾದ ಮೇಲೆ ಅಂತ ಅವನ ಮೇಷ್ಟ್ರು ಹೇಳಿದ್ದರು. ಅದು ನಿಜವೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ತುಂಬಾ ಹರಿದ ಲಾವಾ ಆರಿ ಕಪ್ಪು ಕಲ್ಲಾಯಿತು. ಅದರ ಮೇಲ್ಪದರ ಮಳೆ ಬಿಸಿಲಿಗೆ ಮಾಗಿ ಕೆಂಪು ಜಂಬಿಟ್ಟಿಗೆ ಆಯಿತು. ನಮ್ಮ ಕೋಟೆ ಗೋಡೆಯಲ್ಲಿರುವುದು ಆ ಕೆಂಪು ಕಲ್ಲೇ. ‘ನಮ್ಮೂರ ಶಕ್ತಿ ಬಿಟ್ಟು ಬೇರೆ ಯಾಕ ತಗೋಬೇಕು?’ ಅಂದ. ನಾನೂ ಒಪ್ಪಿದೆ.

ನವೆಂಬರ್‌ನಲ್ಲಿ ಶುರು ಮಾಡಿದೆವು. ಬೆಂಕಿ ನನ್ನದು, ಮಣ್ಣು ಅವನದು. ಅವನು ಶಾಲೆಯಿಂದ ಬಂದು ಗೋಡೆ ಎಬ್ಬಿಸುವ ಅಭ್ಯಾಸ ಮಾಡುತ್ತಿದ್ದ. ನಾನು ರಾತ್ರಿ ಊಟ ಆದ ಮೇಲೆ ದೀಪದ ಸಾಲು ಹೊತ್ತಿಸುವ ಅಭ್ಯಾಸ ಮಾಡುತ್ತಿದ್ದೆ. ದಿನಕ್ಕೆ ಮೂರೇ ಸಲ ಅಭ್ಯಾಸಕ್ಕೆ ಬಿಡುತ್ತೀರಿ ಅಲ್ವಾ, ಹಾಗಾಗಿ ಒಂದು ದಿನ ತಪ್ಪಿದರೂ ಹಿಂದೆ ಬೀಳುತ್ತೇವೆ. ಜಾತ್ರೆಗೆ ಹೋದ ದಿನವೂ ನಾವು ತಪ್ಪಿಸಿಲ್ಲ. ಮೇ ಮೊದಲ ವಾರಕ್ಕೆ ಎರಡೂ 60 ಮುಟ್ಟಿದವು. ಕೂಡಿಸುವ ಪಾಠ ತೆರೆಯಲು 299 ರೂಪಾಯಿ ಪಾಸ್ ಬೇಕಿತ್ತು. ಅದನ್ನು ನನ್ನ ದುಡಿಮೆಯ ಹಣದಲ್ಲಿ ತೆಗೆದುಕೊಂಡೆ.

ಮೇ 11, ಭಾನುವಾರ. ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಮನೆಯೊಳಗೆ ಕೂರಲು ಆಗದ ಸೆಕೆ. ಇಬ್ಬರೂ ಮಾಳಿಗೆ ಮೇಲೆ ಹೋಗಿ ಕೂತೆವು. ಫೋನ್ ಅವನ ಕೈಯಲ್ಲಿತ್ತು. ಮುದ್ರೆ ಹಾಕುವುದರಲ್ಲಿ ಅವನ ಬೆರಳು ನನಗಿಂತ ಚುರುಕು.

ಪರದೆ ಮೇಲೆ ಎಡಗಡೆ ಕೆಂಪು ವೃತ್ತ, ಬಲಗಡೆ ಕಂದು ವೃತ್ತ. ಎರಡನ್ನೂ ಒಂದೇ ಸಮ ತುಂಬಿಸಬೇಕು. ಒಂದು ಮುಂದೆ ಹೋದರೆ ಇನ್ನೊಂದು ಇಳಿಯುತ್ತದೆ. ಎರಡೂ ನಡುಗೆರೆ ಮುಟ್ಟಿದ ಕೂಡಲೇ ಕೈಮುದ್ರೆ ಮೂಡಿಸಬೇಕು. ಮೊದಲು ಹಾವು, ಆಮೇಲೆ ಕುದುರೆ, ಕೊನೆಗೆ ಹುಲಿ. ಇಷ್ಟಕ್ಕೂ ಇರುವುದು ಮೂರು ಸೆಕೆಂಡ್. ಮೂರು ಸಲ ತಪ್ಪಿತು. ನಾಲ್ಕನೇ ಸಲ ಮೂರೂ ಮುದ್ರೆ ಸರಿಯಾಗಿ ಬಿದ್ದವು. ಗುರುಗಳ ಮಾತು ಬಂತು: ‘ಈಗ ಬೆಂಕಿಯನ್ನು ಬಿಡು!’

ಕೆಂಪು ವೃತ್ತದ ಪಕ್ಕದಲ್ಲೇ ಒಂದು ಗುಂಡಿ ಹೊಳೆಯುತ್ತಿತ್ತು. ಅದರ ಮೇಲೆ ‘ಬಿಡು’ ಅಂತ ಬರೆದಿತ್ತು. ತಮ್ಮ ಒತ್ತಿದ. ಒಂದು ಚೌಕ ಬಂತು: ‘ಬೆಂಕಿಯನ್ನು ಬಿಡಬೇಕೆ?’ ಕೆಳಗೆ ‘ಹೌದು’, ‘ಬೇಡ’. ಸೆಕೆಂಡ್ ಓಡುತ್ತಿತ್ತು. ‘ಹೌದು’ ಒತ್ತಿದ.

ಕೆಂಪು ವೃತ್ತ ಬೂದಿ ಬಣ್ಣಕ್ಕೆ ತಿರುಗಿತು. ಬೆಂಕಿ, ಹಂತ 0.

‘ಅಕ್ಕಾ, ಬೆಂಕಿ ಎಲ್ಲಿ ಹೋಗ್ಯಾದ?’ ಅಂದ. ನನಗೂ ಒಂದು ಗಳಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅವನು ಫೋನನ್ನು ನನ್ನ ಮಡಿಲಲ್ಲಿಟ್ಟು ಕಟ್ಟೆ ಕಡೆ ಮುಖ ಮಾಡಿ ನಿಂತ. ಅದು ನನ್ನ ಪಾಲಿನ ಶಕ್ತಿ ಅನ್ನುವುದೇ ಅವನಿಗೆ ಹೆಚ್ಚಿನ ನೋವು. ‘ಬಿಡು ಅಂತ ಬರದಿತ್ತಕ್ಕಾ, ಅದಕ್ಕೇ ಒತ್ತಿದೆ’ ಅಂತ ಹತ್ತು ಸಲ ಹೇಳಿರಬೇಕು. ಆ ರಾತ್ರಿ ಅವನು ಉಣ್ಣಲಿಲ್ಲ.

ಮರುದಿನ ನಾನು ಭಾಷೆ ಬದಲಿಸಿ ಇಂಗ್ಲಿಷ್‌ನಲ್ಲಿ ಆ ಪರದೆ ತೆರೆದು ನೋಡಿದೆ. ಅಲ್ಲಿ ಎರಡು ಬೇರೆ ಬೇರೆ ಗುಂಡಿಗಳಿವೆ. ಕೆಳಗಿನ ದೊಡ್ಡ ಗುಂಡಿ ಮೇಲೆ ‘ರಿಲೀಸ್’, ಅಂದರೆ ಶಕ್ತಿಯನ್ನು ಎದುರಿಗೆ ಹಾಯಿಸುವುದು. ವೃತ್ತದ ಪಕ್ಕದ ಚಿಕ್ಕ ಗುಂಡಿ ಮೇಲೆ ‘ಡಿಸ್ಕಾರ್ಡ್’, ಅಂದರೆ ಆ ಶಕ್ತಿಯೇ ಬೇಡ ಎಂದು ತೆಗೆದುಹಾಕುವುದು. ಕನ್ನಡದಲ್ಲಿ ಎರಡಕ್ಕೂ ‘ಬಿಡು’ ಅಂತಲೇ ಹಾಕಿದ್ದೀರಿ. ದೊಡ್ಡ ಗುಂಡಿ ಗುರುಗಳ ಮಾತು ಮುಗಿದ ಮೇಲೆ ಹೊಳೆಯುತ್ತದೆ. ಚಿಕ್ಕದು ಮೊದಲಿನಿಂದಲೂ ಹೊಳೆಯುತ್ತಲೇ ಇರುತ್ತದೆ. ಮೂರು ಸೆಕೆಂಡಿನಲ್ಲಿ ಹುಡುಗ ಯಾವುದನ್ನು ಒತ್ತುತ್ತಾನೆ, ನೀವೇ ಹೇಳಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಇಂಗ್ಲಿಷ್ ಚೌಕದಲ್ಲಿ ಎರಡನೇ ಸಾಲೊಂದಿದೆ. ಈ ಶಕ್ತಿಯ ಎಲ್ಲ ಹಂತಗಳೂ ಅಳಿಸಿಹೋಗುತ್ತವೆ, ಮತ್ತೆ ಸಿಗುವುದಿಲ್ಲ ಅಂತ ಅದರ ಅರ್ಥ. ಕನ್ನಡದ ಚೌಕದಲ್ಲಿ ಆ ಸಾಲೇ ಇಲ್ಲ! ಇಂಗ್ಲಿಷ್ ಬಲ್ಲವರಿಗೆ ಎಚ್ಚರಿಕೆ ಕೊಟ್ಟು, ಕನ್ನಡ ಓದುವವರಿಗೆ ಕೊಡದೆ ಇದ್ದರೆ ಹೇಗೆ? ನಮ್ಮ ಪಾಸಿನ ಬೆಲೆಯಂತೂ ಎರಡೂ ಭಾಷೆಯಲ್ಲಿ 299 ರೂಪಾಯಿಯೇ.

ಕನ್ನಡ ಮಾತಾಡುವವರಿಗೆ ಇದು ತಟ್ಟನೆ ಗೊತ್ತಾಗುವಂಥದ್ದು. ಬಾಣ ಬಿಡು, ಗಾಳಿಪಟ ಬಿಡು, ನೀರು ಬಿಡು ಅಂತೀವಿ. ಊರು ಬಿಡು, ಶಾಲೆ ಬಿಡು, ಚಟ ಬಿಡು ಅಂತಲೂ ಅಂತೀವಿ. ಪದ ಒಂದೇ, ಅರ್ಥ ಬೇರೆ. ಮಾತಿನಲ್ಲಿ ಮುಂದಿನ ಹಿಂದಿನ ಮಾತು ನೋಡಿ ತಿಳಿಯುತ್ತದೆ. ಗುಂಡಿ ಮೇಲೆ ಒಂಟಿಯಾಗಿ ಬರೆದರೆ ಯಾರಿಗೆ ತಿಳಿಯಬೇಕು? ಅದೂ ಗುರುಗಳೇ ‘ಬೆಂಕಿಯನ್ನು ಬಿಡು’ ಅಂದ ಕ್ಷಣದಲ್ಲಿ! ಪದಗಳ ಪಟ್ಟಿ ಕೊಟ್ಟು ಅನುವಾದ ಮಾಡಿಸಿದ್ದೀರಿ, ಆಮೇಲೆ ಒಬ್ಬ ಕನ್ನಡದವರ ಕೈಗೆ ಕೊಟ್ಟು ಆಡಿಸಿ ನೋಡಿಲ್ಲ ಅಂತ ನನಗೆ ಅನಿಸುತ್ತದೆ. ಒಂದೇ ಸಲ ಆಡಿಸಿದ್ದರೂ ಸಾಕಿತ್ತು.

ಮೇ 12ರಂದು ಮೊದಲ ದೂರು ಕೊಟ್ಟೆ. 15ಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಬಂತು. ಆಟಗಾರರು ತಾವೇ ತೆಗೆದುಹಾಕಿದ ಶಕ್ತಿಯನ್ನು ಮರಳಿ ಕೊಡಲಾಗದು ಅಂತ. 19ಕ್ಕೆ ಮತ್ತೆ ಬರೆದೆ, ಎರಡೂ ಪರದೆಗಳ ಚಿತ್ರ ಹಾಕಿದೆ. ಆಟ ಅಳಿಸಿ ಮತ್ತೆ ಹಾಕಿಕೊಳ್ಳಿ ಅಂದಿರಿ. ಹಾಕಿಕೊಂಡೆ. ಬೆಂಕಿ 0ಯಲ್ಲೇ ಇದೆ.

‘ತಾವೇ ತೆಗೆದುಹಾಕಿದ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಮ್ಮ ನೀವು ಬರೆದದ್ದನ್ನು ಓದಿ, ನೀವು ಹೇಳಿದ ಹಾಗೆಯೇ ಮಾಡಿದ. ಎರಡು ಶಕ್ತಿ ಕೂಡಿಸುವ ಪಾಠಕ್ಕೆ ಬಂದವರು ಒಂದನ್ನು ಯಾಕೆ ಎಸೆಯುತ್ತಾರೆ? ನಮ್ಮ ಬಿದರಿಯಲ್ಲಿ ಸತು 16 ಪಾಲು ಇದ್ದರೆ ತಾಮ್ರ ಒಂದು ಪಾಲು. ಆ ಒಂದು ಪಾಲನ್ನು ಕೈಬಿಟ್ಟು ಎರಕ ಹೊಯ್ಯುವವರು ಇಡೀ ಬೀದರಿನಲ್ಲಿ ಸಿಗಲಿಕ್ಕಿಲ್ಲ. ಆ ಕ್ಷಣದಲ್ಲಿ ಆ ಗುಂಡಿ ಅಲ್ಲಿ ಇರಲೇಬಾರದಿತ್ತು.

ನಾನು ಕೇಳುವುದು ಇಷ್ಟು. ಮೊದಲನೆಯದಾಗಿ, ನಮ್ಮ ಬೆಂಕಿಯನ್ನು 60ನೇ ಹಂತಕ್ಕೆ ಮರಳಿಸಿ. ಪ್ರತಿ ದಿನದ ಅಭ್ಯಾಸದ ದಾಖಲೆ ನಮ್ಮ ಖಾತೆಯಲ್ಲಿ ಈಗಲೂ ಕಾಣುತ್ತದೆ, ಅಂದ ಮೇಲೆ ನಿಮ್ಮ ಹತ್ತಿರವೂ ಇದ್ದೇ ಇರುತ್ತದೆ. ಪಾಸ್ ಮೇ 31ಕ್ಕೆ ಮುಗಿದುಹೋಯಿತು, ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ. ಅದನ್ನು ಮತ್ತೆ ತೆರೆಯಿರಿ. ಹಣ ವಾಪಸ್ ಕೊಡುತ್ತೇವೆ ಅಂದರೆ ನನಗೆ ಅದು ಬೇಡ. 299 ರೂಪಾಯಿಗೆ ಆರು ತಿಂಗಳ ರಾತ್ರಿಗಳು ಬರುವುದಿಲ್ಲ.

ಆಮೇಲೆ ಆ ಪದ ಬದಲಿಸಿ. ತೆಗೆದುಹಾಕುವ ಗುಂಡಿಗೆ ‘ಅಳಿಸು’ ಅಂತ ಹಾಕಿ. ಶಕ್ತಿ ಹಾಯಿಸುವುದಕ್ಕೆ ‘ಚಿಮ್ಮಿಸು’ ಚೆನ್ನಾಗಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ತಮ್ಮ ‘ಹೊಡಿ’ ಅಂತ ಇರಲಿ ಅಂತಾನೆ, ಅದೂ ಸರಿಯೇ. ಬಿಟ್ಟುಹೋದ ಎಚ್ಚರಿಕೆ ಸಾಲನ್ನು ಕನ್ನಡದಲ್ಲೂ ಸೇರಿಸಿ. ಇವತ್ತೂ ಯಾವುದೋ ಊರಲ್ಲಿ ಯಾವುದೋ ಮಗು ಆ ಗುಂಡಿ ಒತ್ತುತ್ತಿರಬಹುದು. ನಮ್ಮ ಬೆಂಕಿ ಬರುವುದು ನಾಲ್ಕು ದಿನ ತಡವಾದರೂ ಪರವಾಗಿಲ್ಲ, ಇದನ್ನು ಮಾತ್ರ ಇವತ್ತೇ ಮಾಡಿ.

ಹಾಗಂತ ದೂರು ಬಂತು ಎಂದು ಕನ್ನಡವನ್ನೇ ಆಟದಿಂದ ತೆಗೆಯಬೇಡಿ. ಕೈಮುಗಿದು ಕೇಳುತ್ತೇನೆ. ಹನ್ನೆರಡು ಪ್ರಾಣಿಗಳ ಮುದ್ರೆಗಳ ಹೆಸರನ್ನು ಎಷ್ಟು ಚೆಂದ ಕನ್ನಡ ಮಾಡಿದ್ದೀರಿ, ಆ ಕೆಲಸ ಮಾಡಿದವರಿಗೆ ನನ್ನ ನಮಸ್ಕಾರ ತಿಳಿಸಿ. ಬೇಕಿದ್ದರೆ ಹೊಸ ಪಾಠ ಬಿಡುವ ಮುಂಚೆ ಕನ್ನಡದಲ್ಲಿ ಓದಿ ತಪ್ಪು ಹೇಳಲು ನಾನು ತಯಾರಿದ್ದೇನೆ. ಅದಕ್ಕೆ ದುಡ್ಡು ಕೇಳುವುದಿಲ್ಲ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಎಂದು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮೊದಲ ಉತ್ತರವೇ ಮೂರನೇ ದಿನಕ್ಕೆ ಬಂತು. ತಿಂಗಳು ಜೂನ್ 12ಕ್ಕೆ ತುಂಬುತ್ತದೆ, ಇನ್ನೂ ಹತ್ತು ದಿನ ಇದೆ. ಅಷ್ಟರಲ್ಲಿ ಆಗದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಇದೆ ಅನ್ನುವುದೂ ನನಗೆ ಗೊತ್ತು. ಅಲ್ಲಿಗೆ ಹೋಗುವ ಆಸೆ ನನಗಿಲ್ಲ. ನಿಮ್ಮ ಆಟ ನಮಗೆ ನಿಜವಾಗಿ ಇಷ್ಟ.

ತಮ್ಮ ಶಾಲೆಯಿಂದ ಬಂದು ಈಗಲೂ ಗೋಡೆ ಎಬ್ಬಿಸುವ ಅಭ್ಯಾಸ ಮಾಡುತ್ತಾನೆ. ಮಣ್ಣು 63 ಆಗಿದೆ. ಬೆಂಕಿಯ ಪುಟ ಮಾತ್ರ ತೆರೆಯುವುದಿಲ್ಲ. ಮೊದಲಿನಿಂದ ಮಾಡೋಣ ಬಾ ಅಂತ ನಾನೇ ಕರೆದೆ, ಬೇಡ ಅಂದ. ಮುಂಚಿನ ಹಾಗೆ ಜೋರಾಗಿ ಓದುವುದನ್ನೂ ನಿಲ್ಲಿಸಿದ್ದಾನೆ. ಒಂದೊಂದು ಗುಂಡಿ ಒತ್ತುವ ಮುಂಚೆ ‘ಅಕ್ಕಾ, ಇದರರ್ಥ ಏನು?’ ಅಂತ ಕೇಳುತ್ತಾನೆ. ತನಗೆ ಕನ್ನಡ ಓದಿದರೆ ತಿಳಿಯುವುದಿಲ್ಲ ಅಂತ ಅವನು ಅಂದುಕೊಂಡಿದ್ದಾನೆ. ಅದನ್ನು ನನ್ನಿಂದ ತಡೆಯಲು ಆಗುತ್ತಿಲ್ಲ.

ಅದಕ್ಕೇ ಈ ಸಲದ ಉತ್ತರವನ್ನು ಕನ್ನಡದಲ್ಲೇ ಕಳಿಸಿ. ತಪ್ಪು ಗುಂಡಿಯ ಬರಹದ್ದು ಅಂತ ಒಂದು ಸಾಲು ಅದರಲ್ಲಿ ಇರಲಿ. ನಾನು ಓದಿ ಹೇಳುವುದಿಲ್ಲ, ಫೋನ್ ಅವನ ಕೈಗೇ ಕೊಡುತ್ತೇನೆ.

ಇಂತಿ,
ಬೀದರಿನಿಂದ ಆಡುವ ಅಕ್ಕ

ಲಗತ್ತು: ಕನ್ನಡ ಮತ್ತು ಇಂಗ್ಲಿಷ್ ಪರದೆಗಳ ಚಿತ್ರ, ಹಿಂದಿನ ಎರಡು ದೂರುಗಳ ಪ್ರತಿ, ಪಾಸಿನ ರಸೀದಿ