ಬ್ರೇಕ್ ತುಳಿದಾಗ ನೊಣಕ್ಕೇಕೆ ಏನೂ ಆಗಲಿಲ್ಲ

ಪ್ರಿಯ ಗೆಳೆಯ,

ಅಂದು ನಾಯಿಯೊಂದು ಅಡ್ಡ ಬಂದಾಗ ನಾನು ಬ್ರೇಕ್ ತುಳಿದದ್ದು, ನಿನ್ನ ಕೈಯಲ್ಲಿದ್ದ ನೀರಿನ ಬಾಟಲಿ ಹಾರಿ ಗಾಜಿಗೆ ಬಡಿದದ್ದು ನೆನಪಿದೆಯಷ್ಟೆ? ಸೀಟ್ ಬೆಲ್ಟ್ ನಿನ್ನ ಎದೆಯನ್ನು ಬಿಗಿಹಿಡಿದ ಆ ಹೊತ್ತಿನಲ್ಲಿಯೇ ಡ್ಯಾಶ್‌ಬೋರ್ಡಿನ ಮೇಲೆ ಕುಳಿತಿದ್ದ ನೊಣವೊಂದು ಮುಂಗಾಲುಗಳನ್ನು ಉಜ್ಜಿಕೊಳ್ಳುತ್ತಲೇ ಇತ್ತು. ಚಲಿಸುತ್ತಿರುವುದು ತಡೆಯುವ ಬಲವಿಲ್ಲದೆ ನಿಲ್ಲದು ಎನ್ನುವ ಜಡತ್ವದ ನಿಯಮ ಅದಕ್ಕೆ ಅನ್ವಯಿಸುವುದಿಲ್ಲವೇ ಎಂದು ನೀನು ಕೇಳಿದ್ದೆ. ಉತ್ತರ ತಡವಾಯಿತು, ಮನ್ನಿಸು.

ನಿಯಮ ಇಬ್ಬರಿಗೂ ಒಂದೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದ ಕಾರು ಸುಮಾರು 2 ಸೆಕೆಂಡಿನಲ್ಲಿ ನಿಂತಿತು ಎಂದುಕೊಂಡರೆ, 60 ಕಿಲೋ ತೂಕದವನನ್ನು ತಡೆಯಲು ಬೆಲ್ಟು ಹೆಚ್ಚುಕಡಿಮೆ 50 ಕಿಲೋ ಭಾರದಷ್ಟು ಬಲವನ್ನು ಹಾಕಬೇಕು. 12 ಮಿಲಿಗ್ರಾಂ ತೂಗುವ ನೊಣಕ್ಕೆ 10 ಮಿಲಿಗ್ರಾಂ ಭಾರದಷ್ಟು ಸಾಕು. ತೂಕಕ್ಕೆ ಹೋಲಿಸಿದರೆ ಎರಡೂ ಸಮ. ವ್ಯತ್ಯಾಸವಿರುವುದು ಆ ಭಾರವನ್ನು ತಾಳುವ ಮೈಯಲ್ಲಿ. ದೇಹದ ಉದ್ದ ನೂರರಲ್ಲೊಂದು ಪಾಲಾದರೆ ತೂಕ ಹತ್ತು ಲಕ್ಷದಲ್ಲೊಂದು ಪಾಲಾಗುತ್ತದೆ, ಆದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ಹತ್ತು ಸಾವಿರದಲ್ಲೊಂದು ಪಾಲಿಗಷ್ಟೇ ಇಳಿಯುತ್ತದೆ. ಹೀಗಾಗಿ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಹೊರೆ ನೂರು ಪಟ್ಟು ಕಡಿಮೆ. ದೊಡ್ಡ ಪ್ರಾಣಿಗಳಿಗೆ ಏಕೆ ಅಷ್ಟು ದಪ್ಪ ಮೂಳೆ ಬೇಕೆಂಬುದನ್ನು ಗೆಲಿಲಿಯೋ 1638ರಲ್ಲಿಯೇ ಇದೇ ಲೆಕ್ಕದಿಂದ ವಿವರಿಸಿದ್ದ. ಇದರ ಜೊತೆಗೆ ನೊಣದ ಪಾದದಲ್ಲಿ ಸಣ್ಣ ಕೂದಲುಗಳಿಂದ ತುಂಬಿದ, ತುಸು ಜಿಡ್ಡು ಒಸರುವ ಮೆತ್ತೆಗಳಿವೆ. ತಲೆಕೆಳಗಾಗಿ ಗಾಜಿಗೆ ಅಂಟಿ ನಡೆಯಬಲ್ಲ ಜೀವಕ್ಕೆ ನಮ್ಮ ಬ್ರೇಕು ಯಾವ ಲೆಕ್ಕ!

ಅದು ಹಾರುತ್ತಿದ್ದರೂ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲ. ಮುಂದಕ್ಕೆ ತೇಲಿಹೋಗದಂತೆ ನಿಲ್ಲಲು ತನ್ನ ತೂಕಕ್ಕಿಂತ ತುಸು ಕಡಿಮೆ ಬಲವನ್ನು ಅದು ಹಿಂದಕ್ಕೆ ಹಾಕಬೇಕು, ಮತ್ತು ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುವ ನೊಣಕ್ಕೆ ಆ 2 ಸೆಕೆಂಡು ಧಾರಾಳವಾದ ಸಮಯ.

ಕಾರು ಗೋಡೆಗೇ ಗುದ್ದಿದರೆ? ಹತ್ತನೇ ಒಂದು ಸೆಕೆಂಡಿನಲ್ಲಿ ನಿಲ್ಲುವ ಕಾರಿನೊಳಗೆ ಗುರುತ್ವದ 17 ಪಟ್ಟು ವೇಗೋತ್ಕರ್ಷ (ವೇಗ ಬದಲಾಗುವ ದರ) ಹುಟ್ಟುತ್ತದೆ. ಕುಳಿತ ನೊಣಕ್ಕೆ ಅದು 0.2 ಗ್ರಾಂ ಭಾರವಷ್ಟೇ. ಚಿಗಟವಂತೂ ತಾನಾಗಿಯೇ ಜಿಗಿಯುವಾಗ ಗುರುತ್ವದ ನೂರು ಪಟ್ಟಿಗೂ ಹೆಚ್ಚಿನ ವೇಗೋತ್ಕರ್ಷವನ್ನು ಅನುಭವಿಸುತ್ತದೆ. ಆದರೆ ಗಾಳಿಯಲ್ಲಿದ್ದ ನೊಣ ಹಾಗೆಯೇ ಮುಂದೆ ಹೋಗಿ ಗಾಜಿಗೆ ಬಡಿದರೆ ಕಥೆ ಬೇರೆ, ಮತ್ತು ಬಹಳ ಜನ ಎಡವುವುದು ಇಲ್ಲಿಯೇ. ಅಲ್ಲಿ ಅದನ್ನು ನಿಲ್ಲಿಸುವುದು ಕಾರಿನ ನುಗ್ಗಾಗುವ ಮೂತಿಯಲ್ಲ, ಅದರದೇ ಒಂದೆರಡು ಮಿಲಿಮೀಟರ್ ಮೈ. ವೇಗ ಒಂದೇ ಆಗಿದ್ದರೆ ಪ್ರತಿ ಗ್ರಾಂ ದೇಹ ನುಂಗಿಕೊಳ್ಳಬೇಕಾದ ಶಕ್ತಿ ಆನೆಗೂ ಒಂದೇ, ನೊಣಕ್ಕೂ ಒಂದೇ, ಸಣ್ಣದಾಗಿರುವುದರಿಂದ ರಿಯಾಯಿತಿಯಿಲ್ಲ. ಗಾಳಿಯ ತಡೆಯೊಂದೇ ದಾರಿಯಲ್ಲಿ ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ.

ಹೊರಗಡೆಯಿಂದ ಗಾಜಿಗೆ ಬಡಿದು ಹಳದಿ ಕಲೆಯಾಗಿ ಉಳಿಯುವ ಕೀಟಗಳು ಇದಕ್ಕೆ ಸಾಕ್ಷಿ. ಅಲ್ಲಿಯೂ ಅತಿ ಸಣ್ಣ ಗುಂಗುರುಗಳು ಗಾಜಿನ ಮೇಲೇರುವ ಗಾಳಿಯೊಂದಿಗೆ ಜಾರಿ ಪಾರಾಗುತ್ತವೆ, ಭಾರದ ಜೇನುಹುಳು ಆ ತಿರುವನ್ನು ಹಿಡಿಯಲಾರದೆ ನೇರ ಬಂದು ಬಡಿಯುತ್ತದೆ. ಮಳೆಯಲ್ಲಿ ಹಾರುವ ಸೊಳ್ಳೆಯದೂ ಇಂಥದೇ ಉಪಾಯ: ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಡೇವಿಡ್ ಹೂ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದಂತೆ, ತನಗಿಂತ 50 ಪಟ್ಟು ಭಾರವಾಗಿರಬಹುದಾದ ಹನಿ ಬಡಿದಾಗ ಸೊಳ್ಳೆ ಅದನ್ನು ತಡೆಯಲು ಹೋಗದೆ ಅದರೊಂದಿಗೇ ಕೆಳಗಿಳಿದು, ಗುರುತ್ವದ 100ರಿಂದ 300 ಪಟ್ಟು ವೇಗೋತ್ಕರ್ಷವನ್ನು ತಾಳಿ, ಪಕ್ಕಕ್ಕೆ ಕಳಚಿಕೊಂಡು ಹಾರಿಹೋಗುತ್ತದೆ. ಅದೇ ಸೊಳ್ಳೆ ನೆಲಕ್ಕೆ ತೀರ ಹತ್ತಿರದಲ್ಲಿದ್ದರೆ ಕಳಚಿಕೊಳ್ಳಲು ಜಾಗವೇ ಇರುವುದಿಲ್ಲ.

ಅಂದ ಹಾಗೆ, ನಮ್ಮ ನೊಣ ನೀನು ಇಳಿದಾಗ ಬಾಗಿಲಿನಿಂದ ಹಾರಿಹೋಯಿತು. ಬಾಟಲಿಯ ಮುಚ್ಚಳ ಮಾತ್ರ ಇನ್ನೂ ಸಿಕ್ಕಿಲ್ಲ.

ಇಂತು ನಿನ್ನ ಗೆಳೆಯ