ಗಡಿಪಾರಾದವರೆಲ್ಲ ಅಕ್ರಮ ವಲಸಿಗರಲ್ಲ

ಮಾನ್ಯ ಸಂಪಾದಕರೇ,

ಯಾವುದೋ ದೇಶ ವಿದೇಶೀಯರನ್ನು ವಿಮಾನ ಹತ್ತಿಸಿ ವಾಪಸ್ ಕಳಿಸಿದರೆ ಸುದ್ದಿಯ ತಲೆಬರಹ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ: ‘ಅಕ್ರಮ ವಲಸಿಗರ ಗಡಿಪಾರು’. ಗಡಿಪಾರು ಅಂದರೆ ನಮಗೆ ಮೊದಲು ನೆನಪಾಗುವುದೇ ರೌಡಿಗಳು. ಅದಕ್ಕೆ ‘ಅಕ್ರಮ’ವೂ ಸೇರಿದರೆ ಮುಗಿಯಿತು. ‘ಕಳ್ಳದಾರಿಯಲ್ಲಿ ಹೋದವರು ತಾನೇ, ಬರಲಿ ಬಿಡಿ’ ಅಂದುಕೊಂಡು ಪುಟ ತಿರುಗಿಸುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದವನು. ಅಮೆರಿಕದಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಆ ತಲೆಬರಹ ಕಂಡಾಗಲೆಲ್ಲ ಸಂಕಟವಾಗುತ್ತದೆ.

ಆ ಮನೆಯ ಯಜಮಾನ ಅಮೆರಿಕಕ್ಕೆ ಬಂದಾಗ ಮೂರು ವರ್ಷದ ಮಗು. ಅಪ್ಪ ಅಮ್ಮನ ಜೊತೆ ಸರಿಯಾದ ವೀಸಾದಲ್ಲೇ ಬಂದಿದ್ದ. ಅಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಇತ್ತು. ಅಲ್ಲೇ ಓದಿ, ಅಲ್ಲೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿದ್ದ. ಹೆತ್ತವರು ಪೌರತ್ವಕ್ಕೆ ಅರ್ಜಿ ಹಾಕಿರಲಿಲ್ಲ. ಇವನೂ ‘ಹಾಕಿದರಾಯಿತು’ ಅಂತ ಮುಂದೂಡುತ್ತಾ ಬಂದಿದ್ದ. 1999ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವನ ಮೇಲೆ ಒಂದು ಹೊಡೆದಾಟದ ಕೇಸು ಆಗಿತ್ತು. ‘ತಪ್ಪೊಪ್ಪಿಕೊಂಡುಬಿಡು, ಇವತ್ತೇ ಮನೆಗೆ ಹೋಗಬಹುದು’ ಅಂದರಂತೆ ವಕೀಲರು. ಒಪ್ಪಿಕೊಂಡ. ಕೋರ್ಟು ಒಂದು ವರ್ಷದ ಶಿಕ್ಷೆ ಕೊಟ್ಟು, ಅದನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಿತು. ಹದಿಮೂರು ವರ್ಷ ಕಳೆದ ಮೇಲೆ ಗ್ರೀನ್ ಕಾರ್ಡ್ ನವೀಕರಣಕ್ಕೆ ಬೆರಳಚ್ಚು ಕೊಟ್ಟಾಗ ಆ ಹಳೇ ಕೇಸು ಮೇಲೆದ್ದು ಬಂತು. ಕೆಲವು ವಾರಗಳ ನಂತರ, ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ ಬರುತ್ತಿದ್ದವನನ್ನು ಮನೆ ಮುಂದೆಯೇ ಹಿಡಿದುಕೊಂಡು ಹೋದರು. ಜಾಮೀನೂ ಸಿಗಲಿಲ್ಲ.

ಇದು ಹೇಗೆ ಸಾಧ್ಯ ಅಂತ ಅವತ್ತು ನನಗೆ ಅರ್ಥವಾಗಲಿಲ್ಲ. ಆಮೇಲೆ ಕೂತು ಕಾನೂನು ಓದಿದೆ. ಅಲ್ಲಿ ‘ಅಗ್ರವೇಟೆಡ್ ಫೆಲನಿ’, ಅಂದರೆ ಗಡಿಪಾರಿಗೆ ಕಾರಣವಾಗುವ ಘೋರ ಅಪರಾಧಗಳು, ಅಂತ ಒಂದು ಪಟ್ಟಿ ಇದೆ. 1988ರಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಕೊಲೆ, ಮಾದಕ ವಸ್ತು ಸಾಗಣೆ, ಶಸ್ತ್ರಾಸ್ತ್ರ ಸಾಗಣೆ, ಅಷ್ಟೇ. 1996ರ ಹೊತ್ತಿಗೆ ಪಟ್ಟಿ ಎಷ್ಟು ಹಿಗ್ಗಿತೆಂದರೆ, ಒಂದು ವರ್ಷದ ಶಿಕ್ಷೆ ಬಿದ್ದ ಕಳ್ಳತನ, ಹೊಡೆದಾಟಗಳೂ ಅದರೊಳಗೆ ಬಂದವು. ಶಿಕ್ಷೆ ಅಮಾನತಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಕಾನೂನು ಬರುವ ಮೊದಲೇ ಮುಗಿದಿದ್ದ ಕೇಸುಗಳಿಗೂ ಪಟ್ಟಿ ಅನ್ವಯವಾಯಿತು. ಒಮ್ಮೆ ಅದರೊಳಗೆ ಸಿಕ್ಕಿಕೊಂಡರೆ, ‘ಈತ ಇಲ್ಲೇ ಬೆಳೆದವನು, ಸಂಸಾರ ಇದೆ, ಇರಲಿ’ ಅಂತ ಗ್ರೀನ್ ಕಾರ್ಡ್ ಉಳಿಸಿಕೊಡುವ ಅಧಿಕಾರ ನ್ಯಾಯಾಧೀಶರಿಗೆ ಇರುವುದಿಲ್ಲ. ವಿಶೇಷ ಅನುಮತಿ ಇಲ್ಲದೆ ಜೀವನಪೂರ್ತಿ ಆ ದೇಶಕ್ಕೆ ಮತ್ತೆ ಕಾಲಿಡುವ ಹಾಗೂ ಇಲ್ಲ.

ಇದಕ್ಕೆಲ್ಲ ಬೇರು 1893ರ ಒಂದು ತೀರ್ಪು. ಗಡಿಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಆಗ ಹೇಳಿತು. ಅದು ಬರೀ ಮಾತಿನ ವ್ಯತ್ಯಾಸ ಅಲ್ಲ. ಶಿಕ್ಷೆಯಲ್ಲ ಅಂದಮೇಲೆ ಅದು ಸಿವಿಲ್ ವಿಚಾರಣೆ. ಸಿವಿಲ್ ಅಂದಮೇಲೆ, ಬಡವನಾದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೇಳುವ ಹಕ್ಕಿಲ್ಲ. ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವನಿಗೆ ಜೈಲಾಗುವ ಹಾಗಿದ್ದರೆ ವಕೀಲರು ಸಿಗುತ್ತಾರೆ. ಬದುಕೇ ಕಳೆದುಕೊಳ್ಳುವವನು ಒಬ್ಬನೇ ನಿಂತು ಉತ್ತರ ಕೊಡಬೇಕು. ಇದು ನ್ಯಾಯ ಅಂತ ನನಗೆ ಎಷ್ಟು ಯೋಚಿಸಿದರೂ ಅನ್ನಿಸುವುದಿಲ್ಲ.

2010ರಲ್ಲಿ ಅದೇ ಕೋರ್ಟ್ ಒಂದು ಒಳ್ಳೆಯ ಕೆಲಸ ಮಾಡಿತು. ತಪ್ಪೊಪ್ಪಿಕೊಂಡರೆ ಗಡಿಪಾರಾಗುವ ಅಪಾಯವಿದೆ ಎಂದು ಕಕ್ಷಿದಾರನಿಗೆ ಹೇಳುವುದು ಕ್ರಿಮಿನಲ್ ವಕೀಲರ ಕರ್ತವ್ಯ ಅಂದಿತು. ಆ ಕೇಸಿನಲ್ಲಿದ್ದವರು ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬಾಳಿದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರು. ಆದರೆ 2013ರಲ್ಲಿ ಕೋರ್ಟೇ, ಅಷ್ಟರಲ್ಲಾಗಲೇ ಇತ್ಯರ್ಥವಾಗಿದ್ದ ಹಳೇ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ ಅಂದಿತು. ನನ್ನ ಪಕ್ಕದ ಮನೆಯವನಿಗೆ ಇದ್ದ ಒಂದು ಬಾಗಿಲೂ ಅಲ್ಲಿಗೆ ಮುಚ್ಚಿತು.

ಅವನನ್ನು ಕಳಿಸುವ ಹಿಂದಿನ ಸಂಜೆ ಅವನ ಹೆಂಡತಿ ನಮ್ಮ ಬಾಗಿಲು ತಟ್ಟಿದರು. ಬಟ್ಟೆ ಹಾಕಿದ ಒಂದು ಬ್ಯಾಗ್ ತಲುಪಿಸಲು ಅವಕಾಶ ಕೊಟ್ಟಿದ್ದರು. ಒಂದೇ ಬ್ಯಾಗ್. ನಾನೂ ನನ್ನ ಹೆಂಡತಿಯೂ ಹೋದೆವು. ನಡುಮನೆಯ ನೆಲದ ಮೇಲೆ ಒಂದು ಕಡೆ ಸ್ವೆಟರ್‌ಗಳು, ಇನ್ನೊಂದು ಕಡೆ ತೆಳ್ಳನೆ ಅಂಗಿಗಳು. ‘ಅಲ್ಲಿ ಈ ತಿಂಗಳು ಚಳಿ ಇರುತ್ತಾ, ಸೆಕೆ ಇರುತ್ತಾ?’ ಅಂತ ಅವರು ನಮ್ಮನ್ನು ಕೇಳಿದರು. ಗಂಡ ಹುಟ್ಟಿದ ದೇಶ ಅದು. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಹವಾಮಾನ ನೋಡಿ ಹೇಳಿದೆವು. ದೊಡ್ಡ ಮಗ ಒಂದು ಚೀಟಿಯಲ್ಲಿ ಅಮ್ಮನ ನಂಬರು, ತನ್ನ ನಂಬರು ಬರೆದು, ನೀರು ಬಿದ್ದರೂ ಅಳಿಸದ ಹಾಗೆ ಮೇಲೆ ಟೇಪ್ ಅಂಟಿಸಿ ಬ್ಯಾಗಿನ ಒಳಜೇಬಿಗೆ ಹಾಕಿದ. ಆ ದೇಶದ ಭಾಷೆಯಲ್ಲಿ ಅವನಪ್ಪನಿಗೆ ಬರುತ್ತಿದ್ದದ್ದು, ಚಿಕ್ಕಂದಿನಲ್ಲಿ ಅಜ್ಜಿಗೆ ಫೋನಿನಲ್ಲಿ ಹೇಳುತ್ತಿದ್ದ ನಾಲ್ಕು ಮಾತು.

ಇದು ಅಮೆರಿಕದ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 2007ರ ಕಾಯ್ದೆ ಪ್ರಕಾರ ಹನ್ನೆರಡು ತಿಂಗಳು ಅಥವಾ ಜಾಸ್ತಿ ಜೈಲು ಶಿಕ್ಷೆಯಾದ ವಿದೇಶೀಯರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಗಡಿಪಾರು ತಾನಾಗಿಯೇ ಬರುತ್ತದೆ. ಆಸ್ಟ್ರೇಲಿಯಾ 2014ರಲ್ಲಿ ಇಂಥದ್ದೇ ನಿಯಮ ತಂದು ವೀಸಾ ರದ್ದು ಮಾಡತೊಡಗಿತು. ಚಿಕ್ಕ ಮಕ್ಕಳಾಗಿದ್ದಾಗಲೇ ಬಂದ ನ್ಯೂಜಿಲೆಂಡಿನವರೂ ಅದರಲ್ಲಿ ಸಿಕ್ಕಿಬಿದ್ದರು. ಯಾವ ಅಪರಾಧವನ್ನೂ ಮಾಡದವರಿಗೂ ಇದು ತಪ್ಪಿದ್ದಲ್ಲ. ದಶಕಗಳ ಹಿಂದೆ ಕೆರಿಬಿಯನ್ ದ್ವೀಪಗಳಿಂದ ಬಂದು ಬ್ರಿಟನ್ನಿನಲ್ಲಿ ಹಕ್ಕಿನಿಂದಲೇ ನೆಲೆಸಿದ್ದವರ ಹತ್ತಿರ ದಾಖಲೆ ಕೇಳಿದರು. ಅವರು ಬಂದಿಳಿದಾಗಿನ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶಮಾಡಿತ್ತು. ಕೆಲವರು ಕೆಲಸ ಕಳೆದುಕೊಂಡರು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಿದರು. 2018ರಲ್ಲಿ ಅದು ಬಯಲಿಗೆ ಬಂದು ಗೃಹ ಸಚಿವೆ ರಾಜೀನಾಮೆ ಕೊಡಬೇಕಾಯಿತು. ಗಲ್ಫ್‌ನಲ್ಲಿ ದುಡಿದು ಬಂದವರನ್ನು ಕೇಳಿದರೆ ‘ಹುರೂಬ್’ ಅನ್ನುವ ಪದ ಹೇಳುತ್ತಾರೆ. ಸೌದಿಯಲ್ಲಿ ‘ಕೆಲಸಗಾರ ಓಡಿಹೋಗಿದ್ದಾನೆ’ ಅಂತ ಕಫೀಲ್ (ಕೆಲಸಕ್ಕೆ ಕರೆಸಿಕೊಂಡ ಮಾಲೀಕ) ದೂರು ದಾಖಲಿಸಿದರೆ, ಅದೇ ಹುರೂಬ್, ಇಕಾಮಾ (ಅಲ್ಲಿರಲು ಬೇಕಾದ ಪರವಾನಗಿ) ಕೆಲಸಕ್ಕೆ ಬರುವುದಿಲ್ಲ. ಸಂಬಳ ಕೇಳಿದ್ದಕ್ಕೇ ಹುರೂಬ್ ಹಾಕಿಸಿಕೊಂಡವರಿದ್ದಾರೆ. 2021ರಿಂದ ನಿಯಮ ಸ್ವಲ್ಪ ಸಡಿಲವಾಗಿದೆ, ನಿಜ. ಆದರೆ ಉಳಿಯುವ ಹಕ್ಕು ಮಾಲೀಕನ ಕೈಯಲ್ಲಿರುವವರೆಗೆ ಭಯ ಹೋಗುವುದಿಲ್ಲ.

ಒಂದು ದೇಶಕ್ಕೆ ತನ್ನ ನೆಲದಲ್ಲಿ ಯಾರಿರಬೇಕು ಅಂತ ತೀರ್ಮಾನಿಸುವ ಹಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. ನೊಂದವರ ಮಾತೂ ಕೇಳಬೇಕು. ಹೊಡೆದಾಟದಲ್ಲಿ ಏಟು ತಿಂದವನಿಗೂ ಒಂದು ಮನೆ ಇರುತ್ತದೆ. ಆದರೆ ಎಷ್ಟು ವರ್ಷದಿಂದ ಇದ್ದಾನೆ, ತಪ್ಪಾಗಿ ಎಷ್ಟು ಕಾಲವಾಯಿತು, ಆಮೇಲೆ ಹೇಗಿದ್ದಾನೆ, ಮಕ್ಕಳ ಗತಿಯೇನು, ಕಳಿಸುವ ದೇಶದಲ್ಲಿ ಅವನಿಗೆ ಯಾರಿದ್ದಾರೆ ಅಂತ ನೋಡಿಯೇ ತೀರ್ಮಾನಿಸಬಹುದು ಅಲ್ವಾ? ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2001ರಿಂದ ಇದನ್ನೇ ಹೇಳುತ್ತಾ ಬಂದಿದೆ. ಬಾಲ್ಯವನ್ನೆಲ್ಲ ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಕಳೆದವರನ್ನು ಹೊರಹಾಕಲು ತುಂಬಾ ಗಟ್ಟಿ ಕಾರಣ ಬೇಕು ಅಂತ 2008ರಲ್ಲಿ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. ಆಗದ ಕೆಲಸವೇನಲ್ಲ ಇದು.

ಹೊರದೇಶದಲ್ಲಿ ನೆಲೆಸಿರುವ ಓದುಗರು ಇದನ್ನು ನೋಡಬಹುದು ಅಂತ ಒಂದು ಮಾತು. ‘ಪರ್ಮನೆಂಟ್ ರೆಸಿಡೆಂಟ್’ ಅಂತ ಕಾರ್ಡಿನಲ್ಲಿ ಬರೆದಿದ್ದರೂ ಅದು ಪೌರತ್ವ ಅಲ್ಲ. ಪೌರತ್ವಕ್ಕೆ ಅರ್ಹರಾಗಿದ್ದು, ತೆಗೆದುಕೊಳ್ಳುವ ಮನಸ್ಸಿದ್ದರೆ ಸುಮ್ನೆ ಮುಂದೂಡಬೇಡಿ. ಹಳೇ ಕೇಸು ಏನಾದರೂ ಇದ್ದರೆ ಅರ್ಜಿ ಹಾಕುವ ಮೊದಲು ವಲಸೆ ಕಾನೂನು ಬಲ್ಲ ವಕೀಲರಿಗೆ ಕಾಗದ ತೋರಿಸಿ. ಎಷ್ಟೇ ಸಣ್ಣ ಕೇಸಾದರೂ, ಬೇಗ ಮನೆಗೆ ಹೋಗುವ ಆಸೆಗೆ ಅವರನ್ನು ಕೇಳದೆ ತಪ್ಪೊಪ್ಪಿಕೊಳ್ಳಬೇಡಿ.

ಇನ್ನು ತಮ್ಮಲ್ಲಿ ನನ್ನ ಕೋರಿಕೆ. ಮುಂದೆ ಇಂಥ ಸುದ್ದಿ ಬಂದಾಗ, ಕಳಿಸಲ್ಪಟ್ಟವರು ನಿಜವಾಗಿ ದಾಖಲೆ ಇಲ್ಲದವರೇ, ಅಥವಾ ಕಾನೂನುಬದ್ಧವಾಗಿ ನೆಲೆಸಿದ್ದವರೇ ಅಂತ ವಿಚಾರಿಸಿ ಬರೆಯಿರಿ. ಗೊತ್ತಾಗದಿದ್ದರೆ ‘ಅಕ್ರಮ’ ಅನ್ನುವ ಪದ ಬಿಟ್ಟುಬಿಡಿ. ಮತ್ತೆ, ಅವರು ಅಲ್ಲಿ ಎಷ್ಟು ವರ್ಷ ಇದ್ದರು ಅಂತ ಒಂದು ಸಾಲು ಸೇರಿಸಿ.

ಇಂತಿ,
ತಮ್ಮ ಹಳೆಯ ಓದುಗ