ಮಗಳಿಗೊಂದು ಪತ್ರ: ದೊಡ್ಡಜ್ಜಿಯ ಕ್ಯಾಲೆಂಡರುಗಳು

ಮೂಡಿಗೆರೆ
ಭಾನುವಾರ

ಪುಟ್ಟಿ,

ದೊಡ್ಡಜ್ಜಿಯ ತಿಥಿ ಮುಗಿಯಿತು. ರಜೆ ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡ, ಇಲ್ಲಿ ಯಾರೂ ಏನೂ ಅಂದುಕೊಂಡಿಲ್ಲ. ನಾವು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಜನ ಬಂದರು, ಮತ್ತೆ ಅನ್ನಕ್ಕೆ ಇಡಬೇಕಾಯಿತು. ಆಲ್ದೂರು, ಬಣಕಲ್ ಅಷ್ಟೇ ಅಲ್ಲ, ಕಳಸದಿಂದಲೂ ಬಂದಿದ್ದರು. ಅರ್ಧ ಜನರ ಪರಿಚಯ ನನಗೇ ಇರಲಿಲ್ಲ. ಕೂತವರೆಲ್ಲ ಒಂದೊಂದು ಕಾಗದದ ಕತೆ ಹೇಳಿದರು. ನನ್ನ ಪಿಎಫ್ ಬಿಡಿಸಿಕೊಟ್ಟಿದ್ದು ಅವರೇ, ನನ್ನ ಹೆರಿಗೆ ರಜೆಯ ಸಂಬಳ ಕೊಡಿಸಿದ್ದು ಅವರೇ ಅಂತ. ನೀನು ಫೋನಲ್ಲಿ ಕೇಳಿದೆಯಲ್ಲ, “ದೊಡ್ಡಜ್ಜಿ ಯೂನಿಯನ್ ಲೀಡರ್ ಆಗಿದ್ರಾ ಅಪ್ಪಾ?” ಅಂತ. ಅದನ್ನ ಫೋನಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಬರೀತಿದ್ದೀನಿ.

ಲೀಡರ್ ಅಲ್ಲ, ಕಾಫಿ ತೋಟದ ಕೂಲಿಯವಳು. ಯೂನಿಯನ್ ಚಂದಾ ಕಟ್ಟುತ್ತಿದ್ದಳು, ಮೇ ಒಂದನೇ ತಾರೀಖು ಮೆರವಣಿಗೆಗೆ ಹೋಗುತ್ತಿದ್ದಳು. ಆದರೆ ಮೈಕು ಕೈಗೆ ಬಂದರೆ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದಳು. ಅವಳ ಕೆಲಸ ಬೇರೆ ಇತ್ತು. ಕಲಿಯೋದು.

ನಾನು ಹೈಸ್ಕೂಲಲ್ಲಿದ್ದಾಗ ಸಾಕ್ಷರತಾ ಆಂದೋಲನ ನಮ್ಮ ಕಡೆಗೂ ಬಂತು. ಸಂಜೆ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ ಮುಂದೆ ಕ್ಲಾಸು. ಓದು ಬರುವ ಹುಡುಗರೇ ಮೇಷ್ಟ್ರುಗಳು. ನಿನ್ನ ದೊಡ್ಡಜ್ಜಿ, ಅಂದರೆ ನನ್ನ ದೊಡ್ಡಮ್ಮ, ನನ್ನ ಪಾಲಿಗೆ ಬಂದಳು. ಅಲ್ಲಿಯವರೆಗೆ ಸಂಬಳದ ದಿನ ಹೆಬ್ಬೆಟ್ಟು ಒತ್ತಿದವಳು. ಅ, ಆ ಎಲ್ಲ ಆಮೇಲೆ, ಮೊದಲು ಅಂಕಿ ಹೇಳಿಕೊಡು ಅಂದಳು. ಹೇಳಿಕೊಟ್ಟೆ. ಕೆಲವೇ ದಿನದಲ್ಲಿ ಬಂತು. ಆಗ ಇನ್ನೊಂದು ಬೇಡಿಕೆ. “ಸ್ಲೇಟು ತಿರುಗಿಸಿ ಹಿಡಿ. ತಲೆಕೆಳಗಾಗಿ ಓದೋದು ಕಲಿಸು.” ನನಗೆ ನಗು ಬಂತು. ಅವಳು ನಗಲಿಲ್ಲ. ಹಾಜರಿ ಪುಸ್ತಕ ಇರೋದು ತೋಟದ ಲೆಕ್ಕ ಬರೆಯೋ ರೈಟರ ಮೇಜಿನ ಮೇಲೆ, ಅವರ ಮುಖಕ್ಕೆ ನೇರವಾಗಿ. ಈ ಕಡೆ ನಿಂತವರಿಗೆ ಎಲ್ಲ ಉಲ್ಟಾ. ನಾನು ಸ್ಲೇಟು ತಿರುಗಿಸಿ ಹಿಡಿದೆ. ಆರು, ಒಂಬತ್ತು, ಮೂರು ಅಂತ ಅವಳು ಬೆರಳಿಟ್ಟು ಓದಿದಳು.

ಮುಂದಿನ ಬಟವಾಡೆಯ ದಿನ ಸಾಲಿನಲ್ಲಿ ನಿಂತು ತನ್ನ ಹೆಸರಿನ ಮುಂದಿನ ಅಂಕಿ ಓದಿದಳು. ಎರಡು ದಿನದ ಹಾಜರಿ ಕಮ್ಮಿ ಇತ್ತು. ಕೇಳಿದಳು. ಸರಿಮಾಡಿ ಕೊಟ್ಟರು. ಜಗಳ ಗಿಗಳ ಏನೂ ಆಗಲಿಲ್ಲ. ಸುಮ್ನೆ ಕೇಳಿದ್ದಕ್ಕೇ ಸರಿಹೋಯ್ತಲ್ಲ ಅಂತ ಅವಳಿಗೇ ಆಶ್ಚರ್ಯ.

ಕ್ಯಾಲೆಂಡರ್ ಶುರುವಾಗಿದ್ದು ಆಗಿನಿಂದ. ಕೆಲಸಕ್ಕೆ ಹೋದ ದಿನ ಒಂದು ಉದ್ದ ಗೀಟು. ಅರ್ಧ ದಿನವಾದರೆ ಗಿಡ್ಡ ಗೀಟು. ಮಳೆ ಅಂತ ತೋಟದವರೇ ಕೆಲಸ ನಿಲ್ಲಿಸಿದರೆ ಸೊನ್ನೆ. ಕೊಯ್ಲಿನ ಕಾಲದಲ್ಲಿ ಗೀಟಿನ ಪಕ್ಕ ಎಷ್ಟು ಕೆಜಿ ಹಣ್ಣು ಅಂತ ಚಿಕ್ಕದಾಗಿ. ಲೈನಿನ ಪ್ರತಿ ಮನೆಯಲ್ಲೂ ಇದನ್ನ ಬರೆಸಿದಳು. ಬರೆಯೋಕೆ ಬಾರದವರಿಗೆ ಗೀಟು ಸಾಕಲ್ವಾ? ವರ್ಷ ಮುಗಿದರೆ ಕ್ಯಾಲೆಂಡರ್ ಸುತ್ತಿ ಗೋಣಿ ದಾರ ಕಟ್ಟಿ ಅಟ್ಟಕ್ಕೆ.

ಇದರ ಬೆಲೆ ಗೊತ್ತಾಗಿದ್ದು ಗ್ರಾಚುಟಿ ವಿಷಯದಲ್ಲಿ. 1972ರ ಕಾನೂನಿನ ಪ್ರಕಾರ ಐದು ವರ್ಷ ಬಿಡದೆ ದುಡಿದವರಿಗೆ ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಕೂಲಿ ಕೊಡಬೇಕಿತ್ತು. ದಿನಗೂಲಿ 200 ಇದ್ದು 20 ವರ್ಷ ದುಡಿದಿದ್ದರೆ 60,000 ರೂಪಾಯಿ. ಇಷ್ಟು ಲೆಕ್ಕ ಯಾರಿಗಾದರೂ ಬರುತ್ತೆ. ತೊಡಕಿರೋದು “ಬಿಡದೆ” ಅನ್ನೋದರಲ್ಲಿ. ವರ್ಷಕ್ಕೆ 240 ದಿನ ತುಂಬಿರಬೇಕು. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯೋ ಕೆಲಸ, ಮಾಡ್ತಿದ್ದ ಒಬ್ಬ ತಾತನಿಗೆ ನಡುವೆ ಕೆಲವು ವರ್ಷ ದಿನ ತುಂಬಿಲ್ಲ ಅಂತ ಒಂದು ಎಸ್ಟೇಟಿನವರು ಹೇಳಿಬಿಟ್ಟರು. ದೊಡ್ಡಮ್ಮ ಆ ತಾತನ ಮನೆಯ ಅಟ್ಟ ಹತ್ತಿಸಿ ಕ್ಯಾಲೆಂಡರ್ ಇಳಿಸಿದಳು, ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದಳು. ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಹೊಗೆ ಹಿಡಿದ ದೇವರ ಪಟಗಳು ಸಾಲಾಗಿ ಬಿಚ್ಚಿಕೊಂಡವು. ಲಕ್ಷ್ಮಿ, ಗಣಪತಿ, ಧರ್ಮಸ್ಥಳದ ಮಂಜುನಾಥ, ಕೆಳಗೆಲ್ಲ ಗೀಟು. ಗೀಟನ್ನು ಸಾಕ್ಷಿ ಅಂತ ಒಪ್ಪಲಿಕ್ಕಾಗಲ್ಲ ಅಂದರಂತೆ ಅವರು. “ಬೇಡ ಸಾರ್, ಅವರ ಹಾಜರಿ ಪುಸ್ತಕ ತರಿಸಿ, ಪಕ್ಕ ಪಕ್ಕ ಇಟ್ಟು ನೋಡಿ” ಅಂದಳು ಇವಳು. ತರಿಸಿದರು. ತಾಳೆಯಾಯಿತು. 30 ದಿನದೊಳಗೆ ಕೊಡಬೇಕಾದ ದುಡ್ಡು, ತಡವಾಗಿದ್ದಕ್ಕೆ ಬಡ್ಡಿ ಸೇರಿಸಿ ಕೊಟ್ಟರು.

ಆಮೇಲೆ ತೋಟ ಕಾರ್ಮಿಕರ ಕಾಯ್ದೆ ಹಿಡಿದು ಕೂತಳು, 1951ರದ್ದು. ಒಂದೊಂದೇ ಸೆಕ್ಷನ್ ನಾನು ಓದಿ ಕನ್ನಡದಲ್ಲಿ ಹೇಳಬೇಕು. ಕುಡಿಯುವ ನೀರು, ಮನೆ, ಡಾಕ್ಟರು, 50 ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳನ್ನು ಬಿಡಲು ಒಂದು ಜಾಗ, 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ. ಛತ್ರಿ, ಕಂಬಳಿ, ರೇನ್‌ಕೋಟ್ ಕೊಡಿ ಅಂತ ಸರ್ಕಾರ ಮಾಲೀಕರಿಗೆ ಹೇಳಬಹುದು ಅನ್ನೋದೂ ಅದರಲ್ಲಿತ್ತು. ಅಲ್ಲಿ ನನ್ನನ್ನ ನಿಲ್ಲಿಸಿದಳು. “ಕಂಬಳಿ ಅಂತಾನೇ ಬರೆದಿದಾರಾ? ಸರಿಯಾಗಿ ನೋಡು.” ಆಷಾಢದ ಮಳೆಯಲ್ಲಿ ಗೊಬ್ಬರ ಹಾಕಿದವಳು ಅವಳು. ದೂರದ ದೆಹಲಿಯಲ್ಲಿ ಕೂತವರಿಗೆ ಮಲೆನಾಡಿನ ಚಳಿ ಹೊಳೆದಿತ್ತು ಅನ್ನೋದು ಅವಳಿಗೆ ನಂಬಲಿಕ್ಕೇ ಆಗಲಿಲ್ಲ.

ಕಾಫಿ ಬೆಲೆ ನೆಲಕಚ್ಚಿದ 2001-02ರ ಹೊತ್ತಿನಲ್ಲಿ ಕೂಲಿ ಏರಿಸಿ ಅಂದರೆ ಮಾಲೀಕರು ರೇಟಿಲ್ಲ ಅನ್ನೋರು. ಅದು ಸುಳ್ಳೇನಲ್ಲ, ಸಣ್ಣ ಬೆಳೆಗಾರರು ನಿಜವಾಗಿಯೂ ಸೋತುಹೋಗಿದ್ದರು. ದೊಡ್ಡಮ್ಮನಿಗೆ ಅದೂ ತಿಳಿಯಬೇಕು. ಅರೇಬಿಕಾ ಜಾತಿಯ ಕಾಫಿ ರೇಟು ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತೆ, ರೋಬಸ್ಟಾದ್ದು ಲಂಡನ್ ನೋಡಿಕೊಂಡು. ಅಷ್ಟು ಗೊತ್ತಾದ ಮೇಲೆ ಪೇಪರಿನ ಧಾರಣೆ ಕಾಲಂ ದಿನಾ ಓದಿದಳು. ಇತ್ತೀಚೆಗೆ ರೇಟು ಯಾರೂ ಕಾಣದಷ್ಟು ಏರಿತಲ್ಲ, ಆಗ ಆ ತುಂಡು ಕತ್ತರಿಸಿ ಸೆರಗಿಗೆ ಕಟ್ಟಿಕೊಂಡು ಹೋಗಿ, “ಇಳಿದಾಗ ನೀವೇ ಹೇಳ್ತಿದ್ರಿ, ಏರಿದಾಗ ನಾವು ಹೇಳಬೇಕಾ?” ಅಂತ ಕೇಳಿ ಬಂದಳು. ನಿನ್ನ ಅಮ್ಮ ಈಗಲೂ ಅದನ್ನ ಹೇಳಿ ನಗ್ತಾಳೆ.

ಎಸ್ಸೆಸ್ಸೆಲ್ಸಿಗೂ ಕಟ್ಟಿದಳು, ಖಾಸಗಿಯಾಗಿ. ಗಣಿತ ಆರಾಮಾಗಿ ಪಾಸು. ಇಂಗ್ಲಿಷ್ ಕೊನೆಗೂ ಆಗಲಿಲ್ಲ, ಹಾಗೇ ಬಿಟ್ಟಳು. 2005ರಲ್ಲಿ ಮಾಹಿತಿ ಹಕ್ಕು ಬಂದ ಮೇಲೆ ಅದರ ಹಿಂದೆ ಬಿದ್ದಳು. ಹತ್ತು ರೂಪಾಯಿ ಶುಲ್ಕ, ತೋಟಗಳ ತಪಾಸಣೆ ವರದಿಯ ಪ್ರತಿ ಕೊಡಿ ಅಂತ ಒಂದೇ ಪ್ರಶ್ನೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು. ಅದು ಅನ್ಯಾಯ ಅಂತ ನನ್ನ ತಕರಾರು. ಅಷ್ಟುದ್ದ ಬರೆಯೋರು ಯಾರು ಅಂತ ಅವಳದ್ದು.

ಅಸ್ಸಾಂ, ಜಾರ್ಖಂಡ್ ಕಡೆಯವರು ತೋಟಕ್ಕೆ ಬರಲು ಶುರುವಾದಾಗ ನಮ್ಮವರಲ್ಲೇ ಕೆಲವರು ಮುಖ ತಿರುಗಿಸಿದರು, ನಮ್ಮ ಕೂಲಿ ಇಳಿಸೋಕೆ ಬಂದೋರು ಅಂತ. ದೊಡ್ಡಮ್ಮ ಹಿಂದಿ ಕಲಿತಳು. ಆ ವಯಸ್ಸಲ್ಲಿ! ಟಿವಿ ಸೀರಿಯಲ್ ನೋಡಿ ಸ್ವಲ್ಪ, ಉಳಿದದ್ದು ಆ ಹುಡುಗಿಯರ ಜೊತೆ ಅಡುಗೆ ಮಾಡ್ತಾ. ಅವಳ ಹಿಂದಿಯಲ್ಲಿ ಎಲ್ಲರೂ ಗಂಡಸರೇ, ಹಸುವೂ ಗಂಡೇ. ಆದರೂ “ಕಿತ್ನಾ ದಿಯಾ, ಕಿತ್ನಾ ಲಿಖಾ”, ಎಷ್ಟು ಕೊಟ್ಟರು, ಎಷ್ಟು ಬರೆದರು ಅನ್ನೋದು ಮಾತ್ರ ಸ್ಪಷ್ಟ.

ಕೊನೆಯ ತಿಂಗಳುಗಳಲ್ಲೂ ಸುಮ್ಮನಿರಲಿಲ್ಲ. 2025ರ ನವೆಂಬರ್ 21ಕ್ಕೆ ಹಳೇ 29 ಕಾರ್ಮಿಕ ಕಾನೂನು ಹೋಗಿ ನಾಲ್ಕು ಸಂಹಿತೆ ಬಂತಲ್ಲ, ಅವಳು ಬಾಯಿಪಾಠ ಮಾಡಿದ್ದ ತೋಟದ ಕಾಯ್ದೆ, ಗ್ರಾಚುಟಿ ಕಾಯ್ದೆ ಎರಡೂ ಅದರೊಳಗೆ ಸೇರಿಹೋದವು. ನನಗೆ ಬೇಜಾರಾಯಿತು, ಅವಳಿಗೆ ಹೇಗೆ ಹೇಳೋದು ಅಂತ. ಅವಳು ಕನ್ನಡಕ ಒರೆಸಿಕೊಂಡು, “ಹಾಗಾದ್ರೆ ಮೊದಲಿಂದ ಓದಬೇಕು, ತಗೊಂಡು ಬಾ” ಅಂದಳು. ನಿಗದಿತ ಅವಧಿಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚುಟಿ ಅನ್ನೋದು ಓದಿದಾಗ ನಿನ್ನ ನೆನಪು ಮಾಡಿದಳು. “ಅವಳ ಕಾಗದದಲ್ಲಿ ಏನು ಬರೆದಿದಾರೆ? ದಿನಕ್ಕೆ ಎಷ್ಟು ಗಂಟೆ ಕೆಲಸ?” ನನಗೆ ಗೊತ್ತಿರಲಿಲ್ಲ. ಆ ನೇಮಕಾತಿ ಪತ್ರ ಪೂರ್ತಿ ಓದಿ, ಒಂದು ಪ್ರತಿ ನನಗೂ ಕಳಿಸು.

ಅವಳ ಟ್ರಂಕಿನಲ್ಲಿ ನೋಟ್‌ಬುಕ್ಕುಗಳಿವೆ, ಬಂದಾಗ ನೋಡುವೆಯಂತೆ. ಭಾನುವಾರ ಬಾಗಿಲಿಗೆ ಬರುವ ಜನ ಇನ್ನೂ ಬರ್ತಿದ್ದಾರೆ. ಇವತ್ತು ಒಬ್ಬ ಅಸ್ಸಾಂ ಹುಡುಗ ಬಂದಿದ್ದ. ಪಿಎಫ್‌ನಲ್ಲಿ ಅವನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ದುಡ್ಡು ಸಿಕ್ಕಿಹಾಕಿಕೊಂಡಿದೆ. ಅದನ್ನ ಸರಿಮಾಡಿಸೋಕೆ ಜಾಯಿಂಟ್ ಡಿಕ್ಲರೇಶನ್ ಅಂತೆ, ಆನ್‌ಲೈನಲ್ಲೇ ಮಾಡಬೇಕಂತೆ. ನನಗೆ ಬರಲ್ಲ. ಬುಧವಾರ ರಾತ್ರಿ ಫೋನ್ ಮಾಡು, ಅವನನ್ನೂ ಕೂರಿಸಿಕೊಂಡಿರ್ತೀನಿ. ಹೇಗೆ ಮಾಡೋದು ಅಂತ ಇಬ್ಬರಿಗೂ ಹೇಳಿಕೊಡು.

ಅಪ್ಪ